ಉತ್ತರದ ಭೊಂಗಾ

ಹಲೋ... ಹಲೋ, ಯಾರ್ರಿ ಮಾತಾಡೋದು? ಸೇಡಂ ಅಲ್ಲೇನ್ರಿ ಇದು? ನಂದಕಿಶೋರ್ ಸರ್ ಮನಿ?

…

ಹಾಂ, ವಂದನಾ ವೈನಿ, ನಾನ್ರೀ, ಪ್ರಮಿತಾ. ವಾಡಿ ಕಡಿ ಖಣಿ ಆಫೀಸಿನಾಗ ಸರ್ ಕೈಕೆಳಗ ಇದ್ದೆನಲ್ರಿ, ಕಂಪ್ಯೂಟರ್ ಮುಂದ ಕುಂದ್ರೋಕಿ. ಸರ್ ಅದಾರೇನ್ರಿ?

…

ಊಟಕ್ಕ ಕುಂತಾರ? ತಾಟಿನ ಮುಂದಿಂದ ಎಬ್ಬಿಸಬಾರದು, ಗೊತ್ತದ ವೈನಿ. ಆದ್ರೂ ಎಬ್ಬಿಸ್ರಿ. ಭಾಳ ಅರ್ಜೆಂಟ್ ಅದ.

…

ಇಲ್ರಿ, ಅಳ್ಲಿಕತ್ತಿಲ್ಲ. ನೆಗಡಿ ಆಗ್ಯಾದ. ನೀವು ಕರೀರಿ.

…

ಸರ್? ನಮಸ್ಕಾರ್ರಿ ಸರ್. ನಾ ಜೋರ್ ಮಾತಾಡ್ಲಿಕ್ಕೆ ಬರಂಗಿಲ್ಲ, ಬಾಗ್ಲಾ ತೆರದೇ ಅದ. ಕೇಳಸ್ಲಿಕತ್ತದಲ್ರಿ?

…

ಆಫೀಸಿನಿಂದಾನೇ. ಒಬ್ಬಾಕೀನೇ ಅದೀನಿ. ಎಲ್ಲಾರೂ ಗೆಸ್ಟ್ ಹೌಸಿಗೆ ಊಟಕ್ಕ ಹೋಗ್ಯಾರ, ಮೂರಕ್ಕ ಬರ್ತಾರ. ಈಗ ಎರಡು ಇಪ್ಪತ್ತು.

…

ಸರ್, ನಿಮ್ಮ ಭೊಂಗಾದ ಪ್ರೋಗ್ರಾಮ್ ಇತ್ತಲ್ರಿ. ಮದ್ದು ತುಂಬಿ ಕಲ್ಲು ಸಿಡಿಸೋ ಸುರುಂಗ ಹಾರಿಸೋಕಿಂತ ಮುಂಚೆ ಒಂದು ಗುಂಡಿ ಒತ್ತಿದ್ರ ಖಣಿ ನಾಕೂ ದಿಕ್ಕಿಗೆ ಎಚ್ಚರಿಕಿ ಭೊಂಗಾ, ಸೈರನ್, ಕೂಗೋದು. ಅದರ ಸೆಟ್ಟಿಂಗ್ ಫೈಲು... ಹಾಂ, ಅದೇ, ಎಕ್ಸ್‌ಎಂಎಲ್ ಫೈಲು. ಅದರಾಗ ಒಂದು ಎಲಿಮೆಂಟ್, ಒಂದು ಭೊಂಗಾದ ವಿವರ, ಕಮ್ಮಿ ಬಿದ್ದದ. ಅದನ್ನ ಹ್ಯಾಂಗ ಸೇರಸ್ಬೇಕು ಹೇಳ್ರಿ ಸಾಕು. ಬರಕೋತೀನಿ.

…

ಉತ್ತರದ್ದು. ಪೂರ್ವ ಅದ, ಪಶ್ಚಿಮ ಅದ, ದಕ್ಷಿಣ ಅದ. ಒಂದೊಂದಕ್ಕ ಹೆಸರು, ಲೈನ್ ನಂಬರ್, ಎಷ್ಟು ಹೊತ್ತು ಕೂಗಬೇಕು, ಎಲ್ಲಾ ಬರದದ. ಉತ್ತರ ಅನ್ನೋ ಹೆಸರೇ ಇಲ್ಲ.

…

ಮ್ಯಾಲಿಂದ ಕೆಳಗ ಮೂರು ಸಲ ಓದೀನ್ರಿ. ಹುಡುಕೋ ಡಬ್ಬಿಯೊಳಗೂ ಹಾಕಿ ನೋಡೀನಿ. ಸಿಗಲಿಲ್ಲ.

…

ಲೈನ್ ನಂಬರ್ ನನಗ ಗೊತ್ತಿಲ್ಲಲ್ರಿ, ಅದಕ್ಕೇ ನಿಮಗ ಹಚ್ಚಿದೆ. ಮತ್ತ... ಸರ್, ಇನ್ನೊಂದು ಕೇಳೋದಿತ್ತು. ಕಂಪ್ಯೂಟರಿನ ತಾರೀಖು ಹಿಂದಕ್ಕ ತಿರುಗಿಸಿ ಆಮ್ಯಾಲ ಸೇವ್ ಮಾಡಿದ್ರ, ಫೈಲಿನ ಮ್ಯಾಲ ಹಿಂದಿನ ತಾರೀಖೇ ಬೀಳ್ತದಲ್ರಿ?

…

ಒಂಬತ್ತನೇ ತಾರೀಖು.

…

ಸುಮ್ನ ಕೇಳಿದೆ ಸರ್.

…

ಸುಮ್ನ ಅಂದ್ರ... ಸಾಹೇಬ್ರು ಹಂಗ ಮಾಡು ಅಂದಾರ. ನಾಗೇಂದ್ರಪ್ಪ ಸಾಹೇಬ್ರು. ನೀವು ಬಿಟ್ಟು ಹೋದ ಮ್ಯಾಲ ಬಂದ ಮ್ಯಾನೇಜರು.

…

ಹೇಳ್ತೀನಿ, ಹೇಳ್ತೀನ್ರಿ, ಫೋನ್ ಇಡಬ್ಯಾಡ್ರಿ! ನಿಮಗ ಸುದ್ದಿ ಬಂದಿಲ್ಲೇನು? ಸೇಡಂ ತನಕ ಬಂದಿಲ್ಲ?

…

ಮೊನ್ನೆ ಶನಿವಾರ, ಹದಿನೆಂಟಕ್ಕ. ನಾಕು ಗಂಟಿ ಸುರುಂಗ. ಮಹಾದೇವಮ್ಮ ಅಂತ, ಗುಂಡಗುರ್ತಿಯಾಕಿ, ಮಗಳ ಬಾಣಂತನಕ್ಕ ಇಲ್ಲಿಗೆ ಬಂದಿದ್ಲು. ಉತ್ತರಕ್ಕ ಹಳ್ಳ ಅದಲ್ರಿ, ಅಲ್ಲಿ ಕೂಸಿನ ಬಟ್ಟಿ ಒಗೀಲಿಕತ್ತಿದ್ಲು. ಕಲ್ಲು ಹಾರಿ ಬಂದು ಮೊಣಕಾಲಿಗೆ ಬಡದದ.

…

ಜೀವಕ್ಕೇನಿಲ್ರಿ. ಗುಲಬರ್ಗಾ ದವಾಖಾನಿಗೆ ಒಯ್ದಾರ. ಕಾಲು ಉಳೀತದೋ ತಗೀಬೇಕೋ ಇವತ್ತು ಹೇಳ್ತಾರಂತ.

…

ಕೂಗಿಲ್ಲ ಸರ್. ಉಳದ ಮೂರು ಕೂಗ್ಯಾವ, ಉತ್ತರದ್ದು ಕೂಗಿಲ್ಲ. ಗಾಳಿ ಬ್ಯಾರೇ ಆಕಡಿಂದ ಬೀಸ್ಲಿಕತ್ತಿತ್ತಂತ. ಹಳ್ಳದಾಗ ಕುಂತಾಕಿಗೆ ಏನೂ ಕೇಳ್ಸಿಲ್ಲ. ನೀರಿನ ಸಪ್ಪಳ, ಬಟ್ಟಿ ಬಡಿಯೋ ಸಪ್ಪಳ.

…

ರೇವಣಪ್ಪಂದು. ಭೊಂಗಾ ನೋಡ್ಕೊಳ್ಳೋ ಪಾಳಿ ರೇವಣಪ್ಪಂದು ಇತ್ತು. ಹೂಂ, ನಿಮ್ಮ ರೇವಣಪ್ಪನೇ. ಅವನ್ನ ಠಾಣೆಗೆ ಒಯ್ದಾರ ಸರ್.

…

ಶನಿವಾರ ಸಂಜೀಕೇ. ಇವತ್ತಿಗೆ ಮೂರು ದಿನ. ಉತ್ತರದ ಕಂಬಕ್ಕ ಕೈ ಸ್ವಿಚ್ ಅದಲ್ರಿ, ಭೊಂಗಾ ಒರಸಲಿಕ್ಕೆ ಹೋದಾಗ ಅದನ್ನ ಬಂದ್ ಮಾಡಿ ಮರ್ತು ಬಂದಾನ ಅಂತ ಸಾಹೇಬ್ರು ಬರದು ಕೊಟ್ಟಾರ. ಅಂವ ದೇವರಾಣೆ ಮಾಡ್ತಾನ, ಸ್ವಿಚ್ ಚಾಲೂ ಮಾಡೇ ಬಂದೀನಿ ಅಂತ. ಯಾರು ಕೇಳ್ತಾರ್ರಿ? ನಾನೂ ನಂಬಿರ್ಲಿಲ್ಲ. ವಯಸ್ಸಾಗ್ಯಾದ, ಮರ್ತಿರಬೇಕು ಅಂತ ನಾನೂ ನಾಕು ಮಂದಿ ಮುಂದ ಅಂದೀನಿ.

…

ಇವತ್ತು ಮುಂಜಾನಿ. ಗಣಿ ಸುರಕ್ಷತೆ ಇನ್‌ಸ್ಪೆಕ್ಟರ್ ಬರೋರದಾರ, ಫೈಲು ತಗೀ ಅಂದ್ರು ಸಾಹೇಬ್ರು. ತಗದೆ. ಇಬ್ರೂ ಕೂಡೇ ನೋಡಿದ್ವಿ. ಮೂರೇ ಭೊಂಗಾ. ಸಾಹೇಬ್ರು ಎದ್ದು ಹೋಗಿ ಬಾಗ್ಲಾ ಮುಚ್ಚಿ ಬಂದ್ರು.

…

ಈಗ ತೆರದೀನ್ರಿ. ಮುಚ್ಚಿಕೊಂಡು ಕುಂದ್ರಲಿಕ್ಕೆ ಆಗ್ಲಿಲ್ಲ ನನಗ.

…

ಒಂಬತ್ತಕ್ಕ ಹೊಸ ವರ್ಷನ್ ಹಾಕಿದ್ವಿ. ಹೈದರಾಬಾದಿನವರು ಸೀಡಿ ಕಳಿಸಿದ್ರು. ಅದು ಹಳೇ ಫೈಲು ತಾನೇ ಓದಿ ತನ್ನ ಪದ್ಧತಿಗೆ ಹೊಸದು ಬರಕೊಂಡದ. ಮೊದಲಿನ ಮೂರನ್ನ ತಗೊಂಡದ. ಉತ್ತರದ್ದು ನೀವು ಆಮ್ಯಾಲ ಕೈಲೆ ಸೇರಿಸಿದ್ದಲ್ರಿ, ಹಳ್ಳದ ಕಡಿ ಮನಿ ಎದ್ದ ಮ್ಯಾಲ? ಅದೊಂದನ್ನ ಬಿಟ್ಟದ. ಅದಾದ ಮ್ಯಾಲ ಶನಿವಾರದ್ದೇ ಮೊದಲ ಸುರುಂಗ.

…

ಇಲ್ಲ, ಏನೂ ಹೇಳ್ಲಿಲ್ಲ! ನಿಮ್ಮ ಪ್ರೋಗ್ರಾಮಿನಾಗ ಏನರ ಕಮ್ಮಿ ಬಿದ್ರ ಕೆಂಪು ಅಕ್ಷರ ಬರ್ತಿತ್ತಲ್ರಿ. ಇದು ಇದ್ದಷ್ಟು ಓದ್ತದ, ಇಲ್ಲದ್ದನ್ನ ಕೇಳೋದೇ ಇಲ್ಲ.

…

ಹೂಂ... ನೋಡ್ಬೇಕಿತ್ತು.

…

ನಾನೇ ನೋಡ್ಬೇಕಿತ್ತು ಸರ್. ಕಾಗದ ಇತ್ತು. 'ಹಳೇ ಫೈಲು ಹೊಸ ಫೈಲು ಬಾಜೂ ಬಾಜೂ ಇಟ್ಟು ಎಲ್ಲಾ ಎಲಿಮೆಂಟ್ ಅದಾವಂತ ನೋಡೀನಿ' ಅಂತ. ಅದರ ಕೆಳಗ ನನ್ನ ಸಹಿ ಅದ. ನಾ ನೋಡಿಲ್ಲ. ಹಂಗೇ ಸಹಿ ಮಾಡೀನಿ.

…

ಬಸ್ಸು. ಐದೂವರಿ ಬಸ್ಸು ತಪ್ಪಿದ್ರ ಚಿತ್ತಾಪುರಕ್ಕ ಮತ್ತ ಏಳಕ್ಕೇ. ಅಷ್ಟೇ ಸರ್. ಬ್ಯಾರೇ ಏನೂ ಕಾರಣ ಇಲ್ಲ. ಬಸ್ಸಿನ ಸಲುವಾಗಿ.

…

ಬೈರಿ ಸರ್. ಏನರ ಅನ್ರಿ.

…

ಅದೇ ಕಾಗದ ತಂದು ನನ್ನ ಮುಂದ ಇಟ್ರು ಸಾಹೇಬ್ರು. 'ಸಹಿ ಯಾರದದ ನೋಡು' ಅಂದ್ರು. ಸಿಟ್ಟಿಲೆ ಅಲ್ಲ, ಸಮಾಧಾನಲೇ ಅಂದ್ರು. ಅದಕ್ಕೇ ಹೆಚ್ಚು ಅಂಜಿಕಿ ಬಂತು. 'ಉತ್ತರದ್ದು ಸೇರಿಸು, ತಾರೀಖು ಒಂಬತ್ತು ಬರ್ಲಿ. ಊಟ ಆದ ಮ್ಯಾಲ ಇನ್‌ಸ್ಪೆಕ್ಟರ್ ಮುಂದ ನಾಕೂ ಭೊಂಗಾ ಕೂಗಿಸಿ ತೋರ್ಸೋಣ. ನೀನೂ ಉಳೀತಿ, ನಾನೂ ಉಳೀತೀನಿ' ಅಂದ್ರು.

…

ಅದನ್ನ ನಾ ಕೇಳ್ಲಿಲ್ಲ. ರೇವಣಪ್ಪಂದು ಏನು ಅಂತ ಕೇಳ್ಲಿಲ್ಲ ನಾ.

…

ಗೊತ್ತದ ಸರ್. ಫೈಲು ಮೊದಲಿಂದ ಸರಿ ಇತ್ತು ಅಂದ್ರ ತಪ್ಪು ಸ್ವಿಚ್ಚಿಂದು. ಸ್ವಿಚ್ಚಿಂದು ಅಂದ್ರ ರೇವಣಪ್ಪಂದು. ಗೊತ್ತದ್ರಿ. ಆದ್ರ ನಾ ಏನು ಮಾಡ್ಲಿ? ಹೆಣ್ಮಕ್ಕಳನ್ನೂ ಠಾಣೆಗೆ ಒಯ್ತಾರೇನ್ರಿ? ಸುಳ್ಳು ಸಹಿ ಮಾಡಿದ್ರ ಒಯ್ತಾರ ಅಂತ ಸಾಹೇಬ್ರು... ನಮ್ಮಪ್ಪ ಗುಡಿಯಾಗ ಪೂಜಿ ಮಾಡೋರು ಸರ್. ಠಾಣೆ ಮುಂದ ಹಾದು ಹೋಗ್ಬೇಕಾಗ್ತದ ಅಂತ ಬ್ಯಾರೇ ದಾರಿ ಹಿಡಿಯೋ ಮನುಷ್ಯ.

…

ಏನೂ ಮಾಡ್ದೆ ಹಂಗೇ ಬಿಟ್ರ? ಬರಂಗಿಲ್ರಿ! ನಾಕಕ್ಕ ಸುರುಂಗ ಅದ ಇವತ್ತೂ. ತೂತು ಕೊರದು ಮದ್ದು ತುಂಬ್ಯಾರ. ಹಳ್ಳದಾಗ ಮತ್ತ ಯಾರರ ಇದ್ರ? ಸೇರಿಸ್ಲೇಬೇಕು. ಸೇರಿಸಿದ್ರ ರೇವಣಪ್ಪ ಹೋಗ್ತಾನ. ಬಿಟ್ರ ಇನ್ಯಾರೋ ಹೋಗ್ತಾರ. ಮುಂಜಾನಿಂದ ಇದೇ ತಲಿಯೊಳಗ...

…

ಏನಂದ್ರಿ? ಮೊದಲು?

…

ಹಾಂ... ಹಾಂ. ಸೇರಿಸೋಕಿಂತ ಮೊದಲು ಹಿಂಗೇ ಇದ್ದದ್ದನ್ನ ನಕಲು ಮಾಡಿ ಇಡೋದು. ಫ್ಲಾಪಿಗೆ. ನಕಲಿನ ಮ್ಯಾಲ ಒಂಬತ್ತನೇ ತಾರೀಖೇ ಉಳೀತದಲ್ರಿ?

…

ಉಳೀತದ. ಆಯ್ತು. ಪ್ರಿಂಟೂ ತಗೀಲಿ? ಪ್ರಿಂಟರ್ ಭಾಳ ಸಪ್ಪಳ ಮಾಡ್ತದ ಸರ್, ಗೇಟಿನ ತನಕ ಕೇಳ್ತದ.

…

ತಗೀತೀನಿ. ಒಂದು ನಿಮಿಷ, ಫ್ಲಾಪಿ ಹುಡುಕ್ತೀನಿ. ಇಡಬ್ಯಾಡ್ರಿ, ಹಂಗೇ ಇರ್ರಿ.

…

ಬಂತ್ರಿ. ಫ್ಲಾಪಿ ಬ್ಲೌಜಿನೊಳಗ ಇಟ್ಕೊಂಡೀನಿ. ಪ್ರಿಂಟೂ ಬಂತು, ಫೈಲಿನ ಹೆಸರು, ತಾರೀಖು ಕಾಣ್ಲಿಕತ್ತಾವ. ಎರಡು ಮೂವತ್ತೈದು ಆತು. ಈಗ ಸೇರಿಸೋದು ಹೇಳ್ರಿ.

…

ದಕ್ಷಿಣದ್ದು ಮುಗಿದ ಕೆಳಗ. ಹೂಂ. ಬಾಣದಂಥ ಬ್ರಾಕೆಟ್, ಸೈರನ್. ಒಳಗ ಹೆಸರು, ನಾರ್ತ್. ಲೈನ್... ಏಳು. ನಾಕು ಅಲ್ರಿ? ಏಳು. ಸರಿ. ಹೊತ್ತು, ಅರವತ್ತು ಸೆಕೆಂಡು.

…

ತೊಂಬತ್ತ? ಉಳದ ಮೂರಕ್ಕೂ ಅರವತ್ತೇ ಅದಲ್ರಿ.

…

ಹಳ್ಳದಿಂದ ಮ್ಯಾಲ ಹತ್ತಿ ಬರ್ಲಿಕ್ಕೆ? ನೀವೇ ನಡದು ನೋಡಿದ್ರಿ? ರೇವಣಪ್ಪನೂ ಇದ್ನಾ?

…

ಬಿಂದಿಗಿ ಹೊತ್ಕೊಂಡು ಹತ್ತಿದ್ನಾ! ತುಂಬಿದ ಬಿಂದಿಗಿ... ಅದಕ್ಕ ತೊಂಬತ್ತು. ಇದು ಯಾರೂ ನಮಗ ಹೇಳೇ ಇಲ್ಲ ಸರ್.

…

ಬರದೆ. ತಾರೀಖು ಮುಟ್ಟಿಲ್ಲ, ಇವತ್ತಿಂದೇ ಅದ, ಇಪ್ಪತ್ತು. ಸೇವ್ ಮಾಡಿದೆ. ಈಗ ಪ್ರೋಗ್ರಾಮ್ ಮುಚ್ಚಿ ತೆರೀತೀನಿ... ಸರ್. ಸರ್, ತೆರೀವಲ್ದು!

…

ಏನೋ ಇಂಗ್ಲಿಷಿನಾಗ ಬಂದದ. ಫೈಲು ಓದ್ಲಿಕ್ಕೆ ಬರಲ್ಲ ಅಂತ. ಕಂಪ್ಯೂಟರ್ ಪರದಿ ಮ್ಯಾಲ ಒಂದೂ ಭೊಂಗಾ ಇಲ್ಲ ಸರ್! ಮೊದಲಿನ ಮೂರೂ ಹೋದವು! ಅಯ್ಯೋ ದೇವರೇ, ಏನು ಮಾಡಿದೆ ನಾ...

…

ಹೂಂ. ಉಸುರು ತಗೋತೀನಿ. ಹೂಂ. ಹೇಳ್ರಿ.

…

ಕಡೀ ಸಾಲಿನಿಂದ ಓದ್ಲಾ? ಸೈರನ್, ತೆರದದ. ಹೆಸರು ತೆರದದ, ಮುಚ್ಚ್ಯಾದ. ಲೈನ್ ತೆರದದ, ಮುಚ್ಚ್ಯಾದ. ಹೊತ್ತು ತೆರದದ, ತೊಂಬತ್ತು, ಮುಚ್ಚ್ಯಾದ. ಆಮ್ಯಾಲ... ಆಮ್ಯಾಲ ಸೈರನ್ ಮುಚ್ಚಿಲ್ಲ. ಮುಚ್ಚೋದು ಬಿಟ್ಟೀನಿ ಸರ್.

…

ಬ್ರಾಕೆಟ್, ಅಡ್ಡಗೀಟು, ಸೈರನ್, ಬ್ರಾಕೆಟ್. ಸೇವ್. ತೆರೀತೀನಿ... ಬಂತು! ಪೂರ್ವ, ಪಶ್ಚಿಮ, ದಕ್ಷಿಣ, ಉತ್ತರ. ನಾಕೂ ಹಸರು ಬಣ್ಣ ಅದಾವ.

…

ಗುಂಡಿ ಒತ್ತೋದಾ? ಈಗ? ಬ್ಯಾಡ್ರಿ ಸರ್. ಹಸರು ಆಗ್ಯಾದಲ್ಲ, ಸಾಕಲ್ಲ? ಒತ್ತಿದ್ರ ಎಲ್ಲಾರಿಗೂ ಕೇಳ್ತದ. ಗೆಸ್ಟ್ ಹೌಸಿಗೂ ಕೇಳ್ತದ. ಇನ್ನೂ ಊಟ ಮಾಡ್ಲಿಕತ್ತಿರ್ತಾರ.

…

ಹೌದು... ಹಸರು ಬಂದ್ರ ಕೂಗ್ತದ ಅಂತ ಹ್ಯಾಂಗ ಹೇಳೋದು. ಹೌದು. ನೋಡ್ದೆ ಸಹಿ ಮಾಡಿದಾಕಿ ನಾನೇ ಅಲ್ಲೇನ್ರಿ.

…

ಲೈನಿನಾಗೇ ಅದೀನ್ರಿ. ಕಿಟಕಿಯಾಗ ನೋಡ್ಲಿಕತ್ತಿದ್ದೆ. ನೀಲಾಬಾಯಿ ಗೇಟಿನ ಹೊರಗ ನೆಲದ ಮ್ಯಾಲ ಕುಂತಾಳ. ರೇವಣಪ್ಪನ ಹೆಂಡ್ತಿ. ನಿನ್ನೆಯಿಂದ ಕುಂತಾಳ. ಯಾರ ಜೀಪು ಬಂದ್ರೂ ಎದ್ದು ನಿಂದ್ರತಾಳ. ಮುಂಜಾನಿ ನಾ ಮಾರಿ ಆಕಡಿ ಮಾಡಿ ಒಳಗ ಬಂದೆ.

…

ಒತ್ತತೀನಿ. ನಾಕೂ ಬ್ಯಾಡ, ಉತ್ತರದ್ದು ಒಂದೇ. ನೀವು ಇರ್ರಿ ಸರ್. ದೇವರಾಣೆ ಇರ್ರಿ.

…

ಕೇಳ್ತೇನ್ರಿ? ಅಲ್ಲಿಗೂ ಕೇಳ್ತಾ? ಕೂಗ್ಲಿಕತ್ತದ ಸರ್! ಕಿಟಕಿ ಗಾಜು ನಡುಗ್ಲಿಕತ್ತದ!

…

ಏನ್ರಿ? ಜೋರಾಗಿ ಹೇಳ್ರಿ, ಕೇಳವಲ್ದು!

…

ನಿಂತು. ತೊಂಬತ್ತು ಸೆಕೆಂಡು ಭಾಳ ಉದ್ದ ಅವ ಸರ್. ನೀಲಾಬಾಯಿ ಎದ್ದು ನಿಂತಾಳ. ಉತ್ತರದ ಕಡಿನೇ ಮಾರಿ ಮಾಡಿ ನಿಂತಾಳ. ಹಳ್ಳದ ಕಡಿಯಿಂದ ಮಂದಿ ಓಡಿ ಮ್ಯಾಲ ಬರ್ಲಿಕತ್ತಾರ. ಅಯ್ಯೋ ಪಾಪ, ಸುರುಂಗ ಅಂತ ತಿಳಕೊಂಡಾರ. ಎಲ್ಲಾ ಸೇರಿ ಹತ್ತು ಹನ್ನೆರಡು ಮಂದಿ ಇರಬೇಕು.

…

ಜೀಪು ಬಂತು ಸರ್. ಎರಡೂ ಜೀಪು. ಸಾಹೇಬ್ರು ಇಳದ್ರು, ಕೈ ಸೈತ ತೊಳದಿಲ್ಲ. ಓಡಿ ಬರ್ಲಿಕತ್ತಾರ. ಹಿಂದ ಇನ್‌ಸ್ಪೆಕ್ಟರ್. ಸರ್, ನಾ ಏನಂತ ಹೇಳ್ಲಿ? ಫೋನ್ ಇಡಂಗಿಲ್ಲ ನಾ, ಟೇಬಲ್ ಮ್ಯಾಲ ಇಡ್ತೀನಿ, ನೀವು ಕೇಳ್ತಾ ಇರ್ರಿ.

…

ನಾನೇ ಒತ್ತಿದ್ದು ಸಾಹೇಬ್ರ. ಹೌದ್ರಿ, ನಾನೇ.

…

ಟೆಸ್ಟಿಂಗ್ ಅಲ್ರಿ. ಇನ್‌ಸ್ಪೆಕ್ಟರ್ ಸಾಹೇಬ್ರ, ಟೆಸ್ಟಿಂಗ್ ಅಲ್ಲ. ಈ ಕಾಗದ ನೋಡ್ರಿ. ಇದು ಶನಿವಾರ ಇದ್ದ ಫೈಲು. ಒಂಬತ್ತನೇ ತಾರೀಖಿಂದ ಹಿಂಗೇ ಇತ್ತು. ಎಣಿಸ್ರಿ, ಮೂರೇ ಅದಾವ. ಉತ್ತರದ್ದು ನಾ ಈಗ, ಇವತ್ತು ಸೇರಿಸೀನಿ. ಅದಕ್ಕೇ ಕೂಗ್ತು. ಶನಿವಾರ ಗುಂಡಿ ಒತ್ತಿದ್ರೂ, ಸ್ವಿಚ್ ಚಾಲೂ ಇದ್ರೂ ಅದು ಕೂಗ್ತಿರ್ಲಿಲ್ಲ. ಯಾರು ಒತ್ತಿದ್ರೂ ಕೂಗ್ತಿರ್ಲಿಲ್ಲ.

…

ನಾ ಹೆದರೀನ್ರಿ, ಖರೇ. ಆದ್ರ ತಲಿ ಕೆಟ್ಟಿಲ್ಲ ಸಾಹೇಬ್ರ. ತಾರೀಖು ತಿರುಗಿಸು ಅಂತ ನೀವೇ ಹೇಳಿದ್ರಿ, ಈ ಕುರ್ಚಿ ಮ್ಯಾಲ ಕುಂತು ಹೇಳಿದ್ರಿ. ನಾ ಹ್ಞೂಂ ಅಂದಿದ್ದೆ. ಈಗ ಇಲ್ಲ ಅಂತೀನಿ.

…

ಇದು ನನ್ನ ಸಹಿ. ನೋಡೀನಿ ಅಂತ ಬರದೀನಿ, ನೋಡಿಲ್ಲ. ನನ್ನ ಹೆಸರು ಪ್ರಮಿತಾ. ಬರಕೋರಿ.

…

ಫೋನಿನಾಗ? ಈ ಪ್ರೋಗ್ರಾಮ್ ಮೊದಲು ಬರದ ಎಂಜಿನಿಯರ್ ಅದಾರ್ರಿ, ನಂದಕಿಶೋರ್ ಅಂತ. ನೀವು ಮಾತಾಡ್ರಿ, ತಗೋರಿ.

…

ಸರ್, ನಾನು. ಪ್ರಮಿತಾ. ಏನು ಕೇಳಿದ್ರು ನಿಮಗ? ಭಾಳ ಹೊತ್ತು ಮಾತಾಡಿದ್ರಲ್ಲ.

…

ಎಲ್ಲಾ ಹೇಳಿದ್ರಾ? ನಿಮ್ಮ ಹೆಸರೂ ಬರಕೊಂಡಾರಲ್ರಿ. ನನ್ನಿಂದ ನಿಮಗ...

…

ಇಲ್ಲಿ? ನಾಕರ ಸುರುಂಗ ಇವತ್ತಿಲ್ಲ ಅಂದಾರ. ಸೇರಿಸಿದ್ದನ್ನ ಬ್ಯಾರೇವ್ರಿಂದ ನೋಡಿಸಿದ ಮ್ಯಾಲೇ ಅಂತ. ನಾಗೇಂದ್ರಪ್ಪ ಸಾಹೇಬ್ರು ಕುಂತಾರ. ಫ್ಲಾಪಿ ಇನ್‌ಸ್ಪೆಕ್ಟರಿಗೆ ಕೊಟ್ಟೆ, ಸೀಲ್ ಮಾಡ್ಲಿಕತ್ತಾರ. ನನ್ನ ಮ್ಯಾಲ ಏನಾಗ್ತದಂತ ಕೇಳಿದೆ. ಅದು ಬ್ಯಾರೇ ವಿಚಾರಣಿ, ನೀ ಬರಬೇಕಾಗ್ತದ ಅಂದ್ರು. ಸುಳ್ಳು ಸಮಾಧಾನ ಏನೂ ಹೇಳ್ಲಿಲ್ಲ.

…

ಹೋಗಿಲ್ರಿ, ಅಂಜಿಕಿ ಎಲ್ಲಿ ಹೋಗ್ತದ? ಅಪ್ಪಗ ಏನಂತ ಹೇಳಬೇಕು ಅನ್ನೋದೇ... ಏನ್ರಿ ಸಾಹೇಬ್ರ? ಹಾಂ, ಇದೊಂದೇ ಹೊರಗಿನ ಲೈನು. ಕೊಟ್ಟೆ, ಒಂದು ನಿಮಿಷ.

…

ಸರ್, ಇಡಬೇಕಂತ. ಇನ್‌ಸ್ಪೆಕ್ಟರಿಗೆ ಈ ಫೋನ್ ಬೇಕಾಗ್ಯಾದ, ಠಾಣೆಗೆ ಹಚ್ಲಿಕ್ಕೆ. ರೇವಣಪ್ಪನ್ನ ಬಿಡ್ರಿ, ಕಾಗದ ನಾ ಕಳಿಸ್ತೀನಿ ಅಂತ ಹೇಳ್ತಾರಂತ. ನೀಲಾಬಾಯಿನ್ನ ಒಳಗ ಕರದಾರ, ಬಾಗ್ಲಾಗೇ ನಿಂತಾಳ. ನನ್ನನ್ನೇ ನೋಡ್ಲಿಕತ್ತಾಳ ಸರ್, ಅಕಿಗೆ ಇನ್ನೂ ಯಾರೂ ಏನೂ ಹೇಳಿಲ್ಲ, ನಾನೇ ಹೇಳ್ಬೇ—